ಶಿಕ್ಷಕರ ಕ್ಷೇತ್ರದ ಮತದಾರಳಾಗಿ ನಾನು ಕಂಡ ಹೊರಟ್ಟಿಯವರ ದಾರಿ

ಬಸವರಾಜ ಹೊರಟ್ಟಿ 1980ರಿಂದ ನಮ್ಮ ವಿಧಾನ ಪರಿಷತ್ತಿನಲ್ಲಿದ್ದಾರೆ. ಒಂದೇ ಶಿಕ್ಷಕರ ಕ್ಷೇತ್ರ, ಸತತ ಎಂಟು ಗೆಲುವು. ಗುಂಡೂರಾವ್ ಮುಖ್ಯಮಂತ್ರಿ ಆಗಿದ್ದಾಗ ಪರಿಷತ್ತಿಗೆ ಹೋದವರು ಇವರು. ಆಮೇಲೆ ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲ, ಬಂಗಾರಪ್ಪ, ಮೊಯ್ಲಿ, ದೇವೇಗೌಡ, ಪಟೇಲರು ಎಲ್ಲ ಬಂದು ಹೋದರು, ಬೊಮ್ಮಾಯಿಯವರ ಮಗನೂ ಮುಖ್ಯಮಂತ್ರಿ ಆಗಿ ಇಳಿದರು, ಇವರು ಮಾತ್ರ ಅಲ್ಲೇ ಇದ್ದಾರೆ.

ಇದು ಪತ್ರಿಕೆಯಲ್ಲಿ ಎಷ್ಟೋ ಸಲ ಬಂದ ಸುದ್ದಿ. ಆದರೆ ಅವರನ್ನು ಆರಿಸುವವರು ಯಾರು, ಆ ಮತದಾರರ ಪಟ್ಟಿ ಹೇಗೆ ತಯಾರಾಗುತ್ತದೆ, ಮತ ಹೇಗೆ ಹಾಕುತ್ತಾರೆ ಅನ್ನೋದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ನಾನು ಆ ಪಟ್ಟಿಯಲ್ಲಿರುವ ಒಬ್ಬ ಶಿಕ್ಷಕಿ. ಗದಗ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. 2022ರ ಚುನಾವಣೆಗೆ ಹೆಸರು ಸೇರಿಸಿದ್ದರಿಂದ ಹಿಡಿದು ಮತ ಹಾಕಿ ಬಂದವರೆಗಿನ ಅನುಭವ ಇಲ್ಲಿದೆ. ಜೊತೆಗೆ ಹೊರಟ್ಟಿಯವರ ಬಗ್ಗೆಯೂ ಬರೆಯುತ್ತೇನೆ, ಯಾಕಂದ್ರೆ ನಲವತ್ತು ವರ್ಷ ಒಬ್ಬರು ಒಂದು ಸೀಟಿನಲ್ಲಿ ಹೇಗೆ ಉಳಿದರು ಅಂತ ತಿಳಿಯಬೇಕಾದರೆ ಭಾಷಣ ಕೇಳುವುದಕ್ಕಿಂತ ಆ ಮತದಾರರ ಪಟ್ಟಿ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ.

ಮೊದಲು ಕ್ಷೇತ್ರದ ಬಗ್ಗೆ. ನಮ್ಮ ಪರಿಷತ್ತಿನಲ್ಲಿ 75 ಸ್ಥಾನಗಳಿವೆ. 25 ಜನರನ್ನು ಶಾಸಕರು ಆರಿಸುತ್ತಾರೆ, 25 ಜನರನ್ನು ಗ್ರಾಮ ಪಂಚಾಯಿತಿ, ನಗರಸಭೆಯಂಥ ಸ್ಥಳೀಯ ಸಂಸ್ಥೆಯವರು. 11 ಜನ ನಾಮನಿರ್ದೇಶನಗೊಂಡವರು. ಉಳಿದದ್ದು ಪದವೀಧರರಿಗೆ 7, ಶಿಕ್ಷಕರಿಗೆ 7. ಆ ಏಳರಲ್ಲಿ ನಮ್ಮದು ಪಶ್ಚಿಮ ಶಿಕ್ಷಕರ ಮತಕ್ಷೇತ್ರ: ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ. ಕಾರವಾರದ ಕಡಲಿನಿಂದ ಗದಗದ ಎರೆಹೊಲದವರೆಗೆ ಹರಡಿಕೊಂಡ ಕ್ಷೇತ್ರ. ಮತದಾರರು ಮಾತ್ರ ಇಪ್ಪತ್ತು ಸಾವಿರಕ್ಕಿಂತ ಕಡಿಮೆ. ವಿಧಾನಸಭೆಯ ಒಂದೇ ಕ್ಷೇತ್ರದಲ್ಲಿ ಎರಡು ಲಕ್ಷದ ಆಸುಪಾಸು ಮತದಾರರು ಇರುತ್ತಾರೆ ಅನ್ನೋದನ್ನು ಇದರ ಪಕ್ಕ ಇಟ್ಟು ನೋಡಿ. ನಾಲ್ಕು ಜಿಲ್ಲೆ ತಿರುಗಬೇಕು, ಆದರೆ ತಿರುಗಬೇಕಾದ್ದು ಶಾಲೆ, ಕಾಲೇಜುಗಳಿಗೆ ಮಾತ್ರ. ಪ್ರತಿ ಸ್ಟಾಫ್ ರೂಮಿನಲ್ಲಿ ಆರೋ ಎಂಟೋ ಮತ.

ಈ ಪಟ್ಟಿಯ ಒಂದು ವಿಶೇಷ ಏನಂದ್ರೆ, ಇದು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ಮಾಮೂಲಿ ಓಟರ್ ಲಿಸ್ಟಿನ ಹಾಗೆ ಒಮ್ಮೆ ಹೆಸರು ಸೇರಿದರೆ ಮುಗಿಯಿತು ಅನ್ನುವಂತಿಲ್ಲ. ಹೋದ ಸಲ ಮತ ಹಾಕಿದವರೂ ಮತ್ತೆ ಅರ್ಜಿ ಕೊಡಬೇಕು. ಅರ್ಹತೆಗೆ ನವೆಂಬರ್ 1 ಆಧಾರ ದಿನ. ಅದಕ್ಕಿಂತ ಹಿಂದಿನ ಆರು ವರ್ಷದಲ್ಲಿ ಒಟ್ಟು ಮೂರು ವರ್ಷವಾದರೂ ಪ್ರೌಢಶಾಲೆ ಅಥವಾ ಅದಕ್ಕೂ ಮೇಲಿನ ಸಂಸ್ಥೆಯಲ್ಲಿ ಪಾಠ ಮಾಡಿರಬೇಕು. ಈ ಲೆಕ್ಕದಿಂದಲೇ ಇತ್ತೀಚೆಗೆ ನಿವೃತ್ತರಾದವರಿಗೂ ಮತ ಉಳಿಯುತ್ತದೆ. ನಮ್ಮ ಶಾಲೆಯಿಂದ ನಿವೃತ್ತರಾದ ಹಿಂದಿ ಮಾಸ್ತರಿಗೆ ಇದು ಗೊತ್ತೇ ಇರಲಿಲ್ಲ. ನಾನೇ ಫೋನ್ ಮಾಡಿ ಹೇಳಿದೆ. ಅವರು ಮರುದಿನವೇ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಶಾಲೆಗೆ ಬಂದು, "ಸರ್ಟಿಫಿಕೇಟ್ ಕೊಡ್ರಿ, ನಂದೂ ಒಂದು ಮತ ಐತಿ" ಅಂತ ಹೆಡ್ಮಾಸ್ತರ್ ಎದುರು ಕೂತರು.

ಅರ್ಜಿ ನಮೂನೆ 19. ಎರಡು ಪುಟದ್ದು, ಅಂಥ ಕಷ್ಟದ್ದೇನಲ್ಲ. ಹೆಸರು, ತಂದೆಯ ಅಥವಾ ಗಂಡನ ಹೆಸರು, ವಿದ್ಯಾರ್ಹತೆ, ವಿಳಾಸ, ವೋಟರ್ ಐಡಿ ನಂಬರ್, ಯಾವ ಶಾಲೆಯಲ್ಲಿ ಯಾವತ್ತಿನಿಂದ ಯಾವತ್ತಿನವರೆಗೆ ಕೆಲಸ ಮಾಡಿದ್ದೀರಿ ಅನ್ನೋ ವಿವರ. ಫೋಟೊ ಅಂಟಿಸಬೇಕು. ಮುಖ್ಯವಾದದ್ದು ಸಂಸ್ಥೆಯ ಮುಖ್ಯಸ್ಥರ ಪ್ರಮಾಣಪತ್ರ. ಇವರು ನಮ್ಮಲ್ಲಿ ಇಷ್ಟು ವರ್ಷ ಬೋಧನೆ ಮಾಡಿದ್ದಾರೆ ಅಂತ ಮುಖ್ಯೋಪಾಧ್ಯಾಯರು ಸಹಿ, ಸೀಲು ಹಾಕಿ ಕೊಡಬೇಕು. ಯಾವುದೋ ಪಕ್ಷದವರು ನೂರಾರು ಅರ್ಜಿ ಒಟ್ಟಿಗೆ ತಂದು ಸುರಿದರೆ ತೆಗೆದುಕೊಳ್ಳುವುದಿಲ್ಲ. ಆದರೆ ಮುಖ್ಯಸ್ಥರು ತಮ್ಮ ಸಿಬ್ಬಂದಿಯ ಅರ್ಜಿಗಳನ್ನು ಒಂದೇ ಕವರಿನಲ್ಲಿ ಕಳಿಸಬಹುದು. ನಮ್ಮ ಹೆಡ್ಮಾಸ್ತರ್ ಹಾಗೇ ಮಾಡಿದರು. ಆ ವರ್ಷ ಕೊನೇ ದಿನಾಂಕ ದೀಪಾವಳಿಯ ಜೊತೆಗೇ ಬಂದಿತ್ತು. ರಾಜ್ಯೋತ್ಸವದ ಧ್ವಜ ಹಾರಿಸಿ, ಮಕ್ಕಳಿಗೆ ಪೇಡೆ ಹಂಚಿ, ಆಮೇಲೆ ಆಫೀಸ್ ರೂಮಿನಲ್ಲಿ ಕೂತು ಎಲ್ಲರೂ ಅರ್ಜಿ ತುಂಬಿದೆವು. ಗುಮಾಸ್ತರು ಸೇವಾ ಪುಸ್ತಕ ತೆಗೆದು ಒಬ್ಬೊಬ್ಬರದೂ ದಿನಾಂಕ ಓದಿ ಹೇಳುತ್ತಿದ್ದರು.

ಇನ್ನೊಂದು ವಿಷಯ ನಮ್ಮ ಇಂಗ್ಲಿಷ್ ಮೇಡಂ ಮೂಲಕ ತಿಳಿಯಿತು. ಅವರು ಕೆಲಸ ಮಾಡೋದು ನಮ್ಮ ಶಾಲೆಯಲ್ಲೇ, ಆದರೆ ಮನೆ ಇರೋದು ಜಿಲ್ಲೆಯ ಗಡಿ ದಾಟಿ ಬಾಗಲಕೋಟೆ ಕಡೆ. ಇಲ್ಲಿ ಶಾಲೆ ಎಲ್ಲಿದೆ ಅನ್ನೋದಲ್ಲ, ವಾಸ ಎಲ್ಲಿ ಅನ್ನೋದು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಅವರ ಮತ ವಾಯವ್ಯ ಶಿಕ್ಷಕರ ಕ್ಷೇತ್ರಕ್ಕೆ ಹೋಯಿತು. ಅಂದ ಹಾಗೆ ಹೊರಟ್ಟಿಯವರು ಹುಟ್ಟಿದ ಊರೂ ಬಾಗಲಕೋಟೆ ಜಿಲ್ಲೆಯದೇ, ಮುಧೋಳ ತಾಲ್ಲೂಕಿನ ಯಡಹಳ್ಳಿ. ಬೆಳೆದದ್ದು ಮಾತ್ರ ಹುಬ್ಬಳ್ಳಿಯ ರಾಜಕಾರಣದಲ್ಲಿ.

ಅವರು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದರು. ನಮ್ಮ ಶಾಲೆಯ ಪಿ.ಇ. ಸರ್ ಇದನ್ನು ಬಹಳ ಹೆಮ್ಮೆಯಿಂದ ಹೇಳುತ್ತಾರೆ, ಹೇಳಲೂಬೇಕು. ಯಾಕಂದ್ರೆ ಶಾಲೆಯಲ್ಲಿ ಪಿ.ಇ. ಮಾಸ್ತರಿಗೆ ಸಿಗುವ ಬೆಲೆ ಎಷ್ಟು ಅಂತ ಎಲ್ಲರಿಗೂ ಗೊತ್ತು. ಪ್ರಾರ್ಥನೆಗೆ ಸಾಲು ನಿಲ್ಲಿಸೋದು, ಗಲಾಟೆ ಮಾಡುವ ಕ್ಲಾಸಿಗೆ ಹೋಗೋದು, ಆಗಸ್ಟ್ 15ಕ್ಕೆ ಡ್ರಿಲ್ ಮಾಡಿಸೋದು. ಬಡ್ತಿ, ವೇತನ ಶ್ರೇಣಿ ಅಂತ ಬಂದಾಗ ಅವರ ಫೈಲು ಕೊನೆಗೆ. ಅಂಥ ಹುದ್ದೆಯಿಂದ ಬಂದವರು 34ನೇ ವಯಸ್ಸಿಗೆ ಪರಿಷತ್ತಿಗೆ ಹೋದರು, ಮುಂದೆ ಅದೇ ಸದನದ ಸಭಾಪತಿ ಆದರು. ಇದು ಸಣ್ಣ ಮಾತಲ್ಲ.

ಕರಡು ಪಟ್ಟಿ ನವೆಂಬರ್ ಕೊನೆಗೆ ಬಂತು. ನೋಡಿದರೆ ನನ್ನ ಹೆಸರು ನಮ್ಮ ತಾಲ್ಲೂಕಿನ ಭಾಗದಲ್ಲಿ ಇಲ್ಲ. ನನ್ನ ಜೊತೆ ಅದೇ ಕವರಿನಲ್ಲಿ ಅರ್ಜಿ ಹೋದವರ ಹೆಸರೆಲ್ಲ ಇದೆ. ಕಚೇರಿಗೆ ಹೋಗಿ ಕೇಳಿದೆ. ಕಿಟಕಿ ಹತ್ತಿರ ಕೂತಿದ್ದ ಸಿಬ್ಬಂದಿ ಬೆರಳಲ್ಲಿ ಸಾಲು ಸಾಲಾಗಿ ಇಳಿಸಿಕೊಂಡು ಹೋಗಿ, "ಮೇಡಂ, ನಿಮ್ಮ ಹೆಸರು ಇಲ್ಲೇನೂ ಕಾಣಸವಲ್ದರಿ" ಅಂದರು. ಅರ್ಜಿ ಬಂದಿಲ್ಲ ಅಂದರೆ ಹೇಗೆ, ಹೆಡ್ಮಾಸ್ತರ್ ಹತ್ತಿರ ಸ್ವೀಕೃತಿ ಇದೆ. ಅದನ್ನು ತೋರಿಸಿದ ಮೇಲೆ ಹುಡುಕಾಟ ಶುರುವಾಯಿತು. ಕೊನೆಗೆ ನನ್ನ ಹೆಸರು ಪಕ್ಕದ ತಾಲ್ಲೂಕಿನ ಪಟ್ಟಿಯಲ್ಲಿ ಸಿಕ್ಕಿತು, ಅದೂ ಗಂಡನ ಹೆಸರಿನ ಜಾಗದಲ್ಲಿ ತಂದೆಯ ಹೆಸರು, ತಂದೆಯ ಹೆಸರಿನಲ್ಲೂ ಒಂದು ಅಕ್ಷರ ತಪ್ಪು. ಕಂಪ್ಯೂಟರಿಗೆ ಏರಿಸುವಾಗ ಆದದ್ದು. ತಿದ್ದುಪಡಿ ಅರ್ಜಿ ಕೊಟ್ಟೆ. ವೋಟರ್ ಐಡಿ, ಆಧಾರ್, ಮತ್ತೊಮ್ಮೆ ಹೆಡ್ಮಾಸ್ತರ್ ಪತ್ರ. ಶನಿವಾರ ಬೆಳಗಿನ ಶಾಲೆ ಮುಗಿಸಿ ಹೋದರೆ ಸಾಹೇಬರು ಇರುವುದಿಲ್ಲ, ಸಾಹೇಬರು ಇರುವ ದಿನ ನನಗೆ ಪೂರ್ತಿ ಪಿರಿಯಡ್ಡು. ಡಿಸೆಂಬರ್ ಕೊನೆಗೆ ಅಂತಿಮ ಪಟ್ಟಿ ಬಂದಾಗ ಹೆಸರು ಸರಿಯಾಗಿ, ಸರಿಯಾದ ಜಾಗದಲ್ಲಿ ಇತ್ತು.

ಈ ಓಡಾಟದಲ್ಲಿ ನನಗೆ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು. ಇಲ್ಲಿ ಪಟ್ಟಿ ತಾನಾಗಿ ಬೆಳೆಯುವುದಿಲ್ಲ. ಯಾರೋ ಒಬ್ಬರು ಪ್ರತಿ ಶಾಲೆಗೆ ಹೋಗಿ, ಅರ್ಜಿ ಕೊಟ್ಟು, ತುಂಬಿಸಿ, ನೆನಪು ಮಾಡಬೇಕು. ಆರು ವರ್ಷಕ್ಕೊಮ್ಮೆ ಬರುವ ಚುನಾವಣೆಗೆ ಒಂದು ಸಂಪರ್ಕದ ಜಾಲ ಬೇಕು. ಯಾವ ಶಾಲೆಗೆ ಯಾರು ಹೊಸದಾಗಿ ಬಂದರು, ಯಾರು ನಿವೃತ್ತರಾದರು, ಯಾರ ಅನುಮೋದನೆ ಫೈಲು ಎಲ್ಲಿ ಸಿಕ್ಕಿಕೊಂಡಿದೆ, ಇದೆಲ್ಲ ಗೊತ್ತಿರಬೇಕು. ಹೊಸ ಅಭ್ಯರ್ಥಿ ಇದನ್ನು ಶೂನ್ಯದಿಂದ ಕಟ್ಟಬೇಕು. ಹಳಬರ ಹತ್ತಿರ ಅದು ಆಗಲೇ ಇದೆ. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2008ರವರೆಗೆ ವಿಧಾನಸಭೆಗೆ ಸತತ ಒಂಬತ್ತು ಸಲ ಗೆದ್ದರು. ಅದು ದೊಡ್ಡ ಜನಸಂಖ್ಯೆಯ ನಡುವೆ ಗೆದ್ದದ್ದು, ಅದರ ಲೆಕ್ಕವೇ ಬೇರೆ. ಹೊರಟ್ಟಿಯವರದು ಹೆಸರು ಹಿಡಿದು ಕರೆಯಬಹುದಾದ ಮತದಾರರ ಕ್ಷೇತ್ರ. ಇಂಥ ಕ್ಷೇತ್ರದಲ್ಲಿ ಸಣ್ಣ ಉಪೇಕ್ಷೆಯೂ ಮತ ಕಳೆಯುತ್ತದೆ. 1980, 86, 92, 98, 2004, 2010, 2016, 2022, ಎಂಟು ಸಲವೂ ಅದನ್ನು ಉಳಿಸಿಕೊಂಡರು ಅಂದರೆ ಅದು ಬರೀ ಅದೃಷ್ಟದಿಂದ ಆಗುವ ಕೆಲಸ ಅಲ್ಲವೇ ಅಲ್ಲ.

ಶಿಕ್ಷಕರು ಇವರ ಹತ್ತಿರ ಯಾಕೆ ಹೋಗುತ್ತಾರೆ? ಅನುದಾನಿತ ಶಾಲೆಯ ಬದುಕು ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಂಬಳ ಸರ್ಕಾರದ್ದು, ನೇಮಕ ಆಡಳಿತ ಮಂಡಳಿಯದು. ನಡುವೆ ಇಲಾಖೆಯ ಅನುಮೋದನೆ. ನೇಮಕ ಆದ ದಿನಕ್ಕೂ ಅನುಮೋದನೆ ಬಂದ ದಿನಕ್ಕೂ ನಡುವೆ ವರ್ಷಗಳೇ ಹೋಗಬಹುದು. ಶಾಲೆ ಅನುದಾನಕ್ಕೆ ಒಳಪಡುವ ಮೊದಲು ದುಡಿದ ವರ್ಷಗಳನ್ನು ವೇತನ ಬಡ್ತಿಗೆ, ಪಿಂಚಣಿಗೆ ಲೆಕ್ಕ ಹಿಡಿಯುವುದಿಲ್ಲ. ಇದಕ್ಕೆ ಕಾಲ್ಪನಿಕ ವೇತನ ಬಡ್ತಿಯ ಸಮಸ್ಯೆ ಅಂತ ಹೆಸರು. ಹತ್ತು ಹನ್ನೆರಡು ವರ್ಷ ಮೂರು ಕಾಸಿಗೆ ಪಾಠ ಮಾಡಿದವರು, ಅನುದಾನ ಬಂದ ದಿನ ಹೊಸಬರಂತೆ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಬೇಕು. ಇದರ ಬಗ್ಗೆ ಹೊರಟ್ಟಿಯವರ ಅಧ್ಯಕ್ಷತೆಯಲ್ಲೇ ಒಂದು ಸಮಿತಿ ಆಯಿತು, ವರದಿಯೂ ಹೋಯಿತು. ಸ್ಟಾಫ್ ರೂಮಿನಲ್ಲಿ ಇವತ್ತಿಗೂ "ಹೊರಟ್ಟಿ ಸಮಿತಿ" ಅಂದರೆ ಎಲ್ಲರಿಗೂ ಗೊತ್ತು. ಆದರೆ ಆ ವರದಿ ಎಲ್ಲರಿಗೂ ನ್ಯಾಯ ಕೊಡುವ ಮಟ್ಟಕ್ಕೆ ಜಾರಿ ಆಗಲಿಲ್ಲ ಅನ್ನೋ ನೋವು ಹಳೆಯ ಶಿಕ್ಷಕರಲ್ಲಿ ಇದೆ. ಹಾಗೇ 1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳಿಗೆ ಅನುದಾನ ಕೊಡಿ ಅನ್ನೋ ಬೇಡಿಕೆ. 2006ರ ಏಪ್ರಿಲ್ 1ರ ನಂತರ ಸೇರಿದ ನಮ್ಮಂಥವರಿಗೆ ಹಳೆ ಪಿಂಚಣಿ ಇಲ್ಲ, ಎನ್‌ಪಿಎಸ್ ಅನ್ನೋ ಹೊಸ ಪಿಂಚಣಿ ಯೋಜನೆ. ನಾನೂ ಅದೇ ಸಾಲಿನವಳು. ಇವೆಲ್ಲ ಪತ್ರಿಕೆಯ ಮುಖಪುಟಕ್ಕೆ ಬರುವ ವಿಷಯಗಳಲ್ಲ. ಆದರೆ ಒಬ್ಬ ಶಿಕ್ಷಕನ ಮನೆ ನಡೆಯೋದು, ಮಗಳ ಮದುವೆ ಆಗೋದು, ನಿವೃತ್ತಿ ನಂತರ ಔಷಧಿಗೆ ದುಡ್ಡು ಇರೋದು ಇವುಗಳ ಮೇಲೇ ನಿಂತಿದೆ. ಸದನದಲ್ಲಿ ಇದನ್ನು ಎದ್ದು ನಿಂತು ಕೇಳುವವರು ಬೇಕು.

ಇವರು ಮಂತ್ರಿ ಆಗಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. 2006ರಲ್ಲಿ ಕುಮಾರಸ್ವಾಮಿ ಸರ್ಕಾರ ಬಂದಾಗ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಖಾತೆ ಇವರಿಗೆ ಸಿಕ್ಕಿತು. ಆ ವರ್ಷವೇ ದೊಡ್ಡ ಗದ್ದಲ. ಕನ್ನಡ ಮಾಧ್ಯಮದಲ್ಲಿ ಕಲಿಸುತ್ತೇವೆ ಅಂತ ಪರವಾನಗಿ ಪಡೆದು ಒಳಗೆ ಇಂಗ್ಲಿಷ್ ಮಾಧ್ಯಮ ನಡೆಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದು ಮಾಡುವ ಕ್ರಮ ತೆಗೆದುಕೊಂಡರು. ಪೋಷಕರು ಬೀದಿಗೆ ಬಂದರು, ಶಾಲೆಯವರು ಕೋರ್ಟಿಗೆ ಹೋದರು. ಗೋಕಾಕ್ ಚಳವಳಿಯನ್ನು ಕಂಡ ಧಾರವಾಡ ಕಡೆಯವರು ನಾವು, ನಮಗೆ ಆ ಕ್ರಮ ಸರಿ ಅನ್ನಿಸಿತ್ತು. ನನಗೆ ಈಗಲೂ ಸರಿ ಅನ್ನಿಸುತ್ತದೆ. ಸರ್ಕಾರಕ್ಕೆ ಒಂದು ಬರೆದುಕೊಟ್ಟು ಇನ್ನೊಂದು ಮಾಡುವುದು ಮೋಸ ಅಲ್ವಾ? ಆದರೆ ಅದೇ ಸರ್ಕಾರ 2007–08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ತಂದಿತು. ಅದಕ್ಕೂ ಸಾಹಿತಿಗಳು, ಕನ್ನಡ ಸಂಘಟನೆಗಳು ತಿರುಗಿ ಬಿದ್ದರು. ಎರಡೂ ಕಡೆಯಿಂದ ಬೈಸಿಕೊಳ್ಳುವ ಖಾತೆ ಅದು. ಮಾಧ್ಯಮದ ಪ್ರಶ್ನೆ ಕೊನೆಗೆ ಸುಪ್ರೀಂ ಕೋರ್ಟಿಗೆ ಹೋಗಿ, 2014ರ ಮೇ ತಿಂಗಳಲ್ಲಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೇ ಮಾಧ್ಯಮ ಮಾಡಬೇಕು ಅಂತ ಸರ್ಕಾರ ಹೇರುವಂತಿಲ್ಲ ಅಂತ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಆ ತೀರ್ಪಿನ ನಂತರ ನಮ್ಮಂಥ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳ ಸಂಖ್ಯೆ ಹೇಗೆ ಇಳಿಯಿತು ಅನ್ನೋದನ್ನು ನಾನು ಪ್ರತಿ ಜೂನ್‌ನಲ್ಲಿ ದಾಖಲಾತಿ ಪುಸ್ತಕದಲ್ಲಿ ನೋಡುತ್ತಿದ್ದೇನೆ. ಮಕ್ಕಳು ಕಡಿಮೆ ಆದರೆ ವಿಭಾಗ ಮುಚ್ಚುತ್ತದೆ, ವಿಭಾಗ ಮುಚ್ಚಿದರೆ ಶಿಕ್ಷಕ ಹೆಚ್ಚುವರಿ ಆಗುತ್ತಾನೆ, ಹೆಚ್ಚುವರಿ ಆದವನು ಎಲ್ಲಿಗೋ ಹೋಗಬೇಕಾಗುತ್ತದೆ.

2022ರ ಮೇ ತಿಂಗಳಲ್ಲಿ ಚುನಾವಣೆಯ ಬಿಸಿ ಏರಿತು. ಆಗಲೇ ಹೊರಟ್ಟಿಯವರು ಸಭಾಪತಿ ಸ್ಥಾನಕ್ಕೆ, ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟು, ದಶಕಗಳ ಕಾಲ ಇದ್ದ ಜನತಾ ಪರಿವಾರ ಬಿಟ್ಟು ಬಿಜೆಪಿ ಸೇರಿದರು. ನಮ್ಮ ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಆದಷ್ಟು ವಾದ ಬೇರೆ ಯಾವುದರ ಬಗ್ಗೆಯೂ ಆಗಿಲ್ಲ. ಗಣಿತದ ಸರ್ ಕಟ್ಟಾ ಜನತಾ ದಳದವರು. ಅವರು ಎರಡು ದಿನ ಸರಿಯಾಗಿ ಮಾತೇ ಆಡಲಿಲ್ಲ. "ಪಕ್ಷ ನೋಡಿ ಯಾವಾಗ ಮತ ಹಾಕೀರಿ ನೀವು? ಮನಷ್ಯಾನ್ನ ನೋಡಿ ಹಾಕಿದ್ದು" ಅಂತ ಪಿ.ಇ. ಸರ್ ವಾದ. "ಹಂಗಾದ್ರ ತತ್ವ ಅನ್ನೂದು ಏನೂ ಇಲ್ಲೇನ್ರಿ?" ಅಂತ ಗಣಿತದವರು. ನನ್ನ ಮಟ್ಟಿಗೆ ಇಬ್ಬರ ಮಾತಿನಲ್ಲೂ ನಿಜ ಇತ್ತು. ಅಷ್ಟು ವರ್ಷ ಒಂದು ಪಕ್ಷದ ಹೆಸರಿನಲ್ಲಿ ನಿಂತವರು ಚುನಾವಣೆ ಎದುರಿಗಿರುವಾಗ ಬಿಟ್ಟಿದ್ದು ನನಗೆ ಹಿಡಿಸಲಿಲ್ಲ. ಇದನ್ನು ನೇರವಾಗಿ ಹೇಳುತ್ತೇನೆ. ಆದರೆ ನಮ್ಮ ಕ್ಷೇತ್ರದಲ್ಲಿ ಮತಪತ್ರದ ಮೇಲೆ ಚಿಹ್ನೆ ಇರೋದಿಲ್ಲ. ಹಸ್ತ, ಕಮಲ, ತೆನೆ ಹೊತ್ತ ಮಹಿಳೆ ಯಾವುದೂ ಇಲ್ಲ. ಹೆಸರು ಮತ್ತು ಫೋಟೊ ನೋಡಿ ಮತ ಹಾಕಬೇಕು. ಕ್ಷೇತ್ರದ ಸ್ವಭಾವವೇ ವ್ಯಕ್ತಿಯನ್ನು ನೋಡುವ ಹಾಗಿದೆ.

ಎದುರಿಗೆ ಕಾಂಗ್ರೆಸ್ಸಿನಿಂದ ಬಸವರಾಜ ಗುರಿಕಾರ ನಿಂತಿದ್ದರು. ಪ್ರಾಥಮಿಕ ಶಾಲಾ ಶಿಕ್ಷಕರ ಸಂಘದಲ್ಲಿ ಹೆಸರು ಮಾಡಿದವರು. ಅವರೂ ಸುಮ್ನೆ ಬಂದವರಲ್ಲ, ಶಿಕ್ಷಕರ ಹೋರಾಟದಿಂದಲೇ ಬಂದವರು. ಆದರೆ ಅವರ ಜೊತೆ ವರ್ಷಗಟ್ಟಲೆ ಹೋರಾಡಿದ ಪ್ರಾಥಮಿಕ ಶಿಕ್ಷಕರಿಗೆ ಈ ಚುನಾವಣೆಯಲ್ಲಿ ಮತವೇ ಇಲ್ಲ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಜೂನ್ 13, ಸೋಮವಾರ ಮತದಾನ. ಶಾಲೆ ಶುರುವಾಗಿ ತಿಂಗಳಾಗುತ್ತ ಬಂದಿತ್ತು. ಮತದಾರರಿಗೆ ಆ ದಿನ ವಿಶೇಷ ಸಾಂದರ್ಭಿಕ ರಜೆ. ತಾಲ್ಲೂಕು ಕೇಂದ್ರದಲ್ಲಿ ಮತಗಟ್ಟೆ. ಹೋಗಿ ನೋಡಿದರೆ ಅದೊಂದು ಸಮ್ಮೇಳನದ ಹಾಗೆ ಇತ್ತು. ತಾಲ್ಲೂಕಿನ ಎಲ್ಲಾ ಹೈಸ್ಕೂಲು, ಪಿಯು ಕಾಲೇಜು, ಡಿಗ್ರಿ ಕಾಲೇಜಿನವರು ಒಂದೇ ಕಡೆ. ಬಿ.ಇಡಿ ಜೊತೆ ಓದಿದವರು ಸಿಕ್ಕರು, ನನಗೆ ಕಲಿಸಿದ ಒಬ್ಬ ಲೆಕ್ಚರರ್ ಸಿಕ್ಕರು. ಸಾಲಿನಲ್ಲಿ ನಿಂತವರ ಮಾತೆಲ್ಲ ಡಿ.ಎ., ವರ್ಗಾವಣೆ, ಎಸ್ಸೆಸ್ಸೆಲ್ಸಿ ರಿಸಲ್ಟ್ ಮೇಲೆಯೇ.

ಒಳಗೆ ಹೋದೆ. ಇಲ್ಲಿ ಮತಯಂತ್ರ ಇಲ್ಲ, ಕಾಗದದ ಮತಪತ್ರ. ಅಧಿಕಾರಿ ಮತಪತ್ರದ ಜೊತೆ ಒಂದು ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಟ್ಟರು. ಅದರಿಂದಲೇ ಬರೆಯಬೇಕು. ನಮ್ಮ ಪೆನ್ನು, ಪೆನ್ಸಿಲ್ ಯಾವುದೂ ನಡೆಯುವುದಿಲ್ಲ. ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರು ಒಂದರ ಕೆಳಗೊಂದು, ಪಕ್ಕದಲ್ಲಿ ಫೋಟೊ, ಆಮೇಲೆ ಒಂದು ಖಾಲಿ ಕೋಣೆ. ನಿಮಗೆ ಮೊದಲು ಬೇಕಾದವರ ಎದುರು 1 ಅಂತ ಬರೆಯಬೇಕು. ಎರಡನೆಯವರು, ಮೂರನೆಯವರು ಅಂತ ಇದ್ದರೆ 2, 3 ಬರೆಯಬಹುದು, ಬರೆಯದಿದ್ದರೂ ನಡೆಯುತ್ತದೆ. ಆದರೆ 1 ಇರಲೇಬೇಕು, ಒಬ್ಬರ ಎದುರು ಮಾತ್ರ ಇರಬೇಕು. ಅಂಕಿಯಲ್ಲೇ ಬರೆಯಬೇಕು, "ಒಂದು" ಅಂತ ಅಕ್ಷರದಲ್ಲಿ ಬರೆದರೆ ಲೆಕ್ಕಕ್ಕಿಲ್ಲ. ರೈಟ್ ಮಾರ್ಕ್ ಹಾಕಿದರೆ ಇಲ್ಲ. ಸಹಿ ಮಾಡಿದರೆ ಇಲ್ಲ. ಕೆಲವರು ಅಭ್ಯಾಸಬಲದಿಂದ ರೈಟ್ ಮಾರ್ಕ್ ಹಾಕಿಬಿಡುತ್ತಾರೆ. ದಿನವಿಡೀ ಪೇಪರ್ ತಿದ್ದುವ ಕೈ ಅದು. ಪ್ರತಿ ಚುನಾವಣೆಯಲ್ಲಿ ಶಿಕ್ಷಕರ ಕ್ಷೇತ್ರದಲ್ಲೇ ನೂರಾರು ಮತ ಕುಲಗೆಡುವುದನ್ನು ಕಂಡು ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅಷ್ಟು ಓಡಾಡಿ ಹೆಸರು ಸೇರಿಸಿ, ಕೊನೆಗೆ ಮತಪತ್ರ ತಿರಸ್ಕೃತ ಮತಗಳ ಕಟ್ಟಿಗೆ ಸೇರಿದರೆ ಏನು ಬಂತು?

ನಾನು ಯಾರ ಎದುರು 1 ಬರೆದೆ ಅನ್ನೋದು ಇಲ್ಲಿ ಬೇಡ. ಯೋಚನೆ ಮಾಡಿ ಬರೆದೆ, 2 ಕೂಡ ಬರೆದೆ.

ಎಣಿಕೆ ಬೆಳಗಾವಿಯಲ್ಲಿ, ಜೂನ್ 15ಕ್ಕೆ. ಈ ಎಣಿಕೆಯ ಲೆಕ್ಕವನ್ನು ನಾನು ಹತ್ತನೇ ತರಗತಿ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಸಿಂಧುವಾದ ಮತಗಳನ್ನು ಎರಡರಿಂದ ಭಾಗಿಸಿ ಒಂದು ಕೂಡಿಸಬೇಕು, ಅದು ಗೆಲ್ಲಲು ಬೇಕಾದ ಕೋಟಾ. ಯಾರಿಗೂ ಅಷ್ಟು ಬರದಿದ್ದರೆ ಕೊನೆಯಲ್ಲಿರುವ ಅಭ್ಯರ್ಥಿಯನ್ನು ಹೊರಗಿಟ್ಟು, ಅವರ ಮತಪತ್ರಗಳಲ್ಲಿ 2 ಯಾರಿಗಿದೆ ಅಂತ ನೋಡಿ ಅವರಿಗೆ ಸೇರಿಸುತ್ತಾರೆ. ಹೀಗೆ ಸುತ್ತಿನ ಮೇಲೆ ಸುತ್ತು. ಬೇರೆ ಕೆಲವು ಕ್ಷೇತ್ರಗಳಲ್ಲಿ ಇದು ರಾತ್ರಿ ಪೂರ್ತಿ ನಡೆದದ್ದುಂಟು. ನಮ್ಮಲ್ಲಿ ಅದರ ಅಗತ್ಯವೇ ಬೀಳಲಿಲ್ಲ. ಹೊರಟ್ಟಿಯವರು ಮೊದಲ ಪ್ರಾಶಸ್ತ್ಯದ ಮತಗಳಲ್ಲೇ ಗೆದ್ದರು. ಒಂಬತ್ತು ಸಾವಿರಕ್ಕೂ ಹೆಚ್ಚು ಮತ, ಗುರಿಕಾರರಿಗೆ ಅದರ ಅರ್ಧದ ಹತ್ತಿರ. ಪಕ್ಷ ಬದಲಾದರೂ ಮತ ಬದಲಾಗಲಿಲ್ಲ. ಮರುದಿನ ಪಿ.ಇ. ಸರ್ ಎಲ್ಲರಿಗೂ ಮಿರ್ಚಿ, ಗಿರ್ಮಿಟ್ ತರಿಸಿದರು. ಗಣಿತದ ಸರ್ ಕೂಡ ತಿಂದರು.

ಆಮೇಲೆ ಡಿಸೆಂಬರ್ 21ಕ್ಕೆ ಹೊರಟ್ಟಿಯವರು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅವಿರೋಧವಾಗಿ ಮತ್ತೆ ಸಭಾಪತಿ ಆದರು. ಇದಕ್ಕೆ ಮೊದಲು 2018ರಲ್ಲಿ ಕೆಲವು ತಿಂಗಳು ಹಂಗಾಮಿ ಸಭಾಪತಿ ಆಗಿದ್ದರು, 2021ರ ಫೆಬ್ರುವರಿಯಲ್ಲಿ ಪೂರ್ಣ ಸಭಾಪತಿ ಆದರು. 2021ರದ್ದು ಕಷ್ಟದ ಹೊತ್ತು. ಅದಕ್ಕೆ ಎರಡು ತಿಂಗಳ ಹಿಂದೆ, 2020ರ ಡಿಸೆಂಬರ್ 15ಕ್ಕೆ, ಪರಿಷತ್ತಿನಲ್ಲಿ ಉಪಸಭಾಪತಿಯನ್ನು ಪೀಠದಿಂದ ಎಳೆದು ಇಳಿಸಿದ್ದನ್ನು ಇಡೀ ರಾಜ್ಯ ಟೀವಿಯಲ್ಲಿ ನೋಡಿತ್ತು. ಕೋವಿಡ್ ರಜೆ ಮುಗಿದು ಶಾಲೆ ತೆರೆದಾಗ ಕ್ಲಾಸಿನಲ್ಲಿ ಹುಡುಗನೊಬ್ಬ, "ಮೇಡಂ, ಮೇಲ್ಮನೆ ಅಂದ್ರ ಹಿರಿಯರ ಮನೆ ಅಂತ ಹೇಳಿದ್ರಲ್ರಿ" ಅಂದಾಗ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಂಥ ಸದನವನ್ನು ಮತ್ತೆ ಹಳಿಗೆ ತರಲು ಎಲ್ಲರಿಗಿಂತ ಜಾಸ್ತಿ ವರ್ಷ ಅಲ್ಲಿ ಕಳೆದವರನ್ನು ಕೂರಿಸಿದ್ದು ಒಳ್ಳೆಯದೇ ಆಯಿತು.

2023ರ ಡಿಸೆಂಬರಿನ ಅಧಿವೇಶನಕ್ಕೆ ನಮ್ಮ ಮಕ್ಕಳನ್ನು ಕರೆದುಕೊಂಡು ಬೆಳಗಾವಿಗೆ ಹೋಗಿದ್ದೆವು. ಮೊದಲೇ ಪಾಸ್ ಮಾಡಿಸಬೇಕು, ಮೊಬೈಲು, ಬ್ಯಾಗು ಹೊರಗೇ ಇಡಬೇಕು, ಗ್ಯಾಲರಿಯಲ್ಲಿ ಪಿಸುಮಾತೂ ಇಲ್ಲ. ಮೇಲಿನಿಂದ ನೋಡಿದರೆ ಸದನ ಟೀವಿಯಲ್ಲಿ ಕಾಣುವುದಕ್ಕಿಂತ ಚಿಕ್ಕದು. ಪ್ರಶ್ನೋತ್ತರದ ನಡುವೆ ಎರಡೂ ಕಡೆ ಮಾತು ಏರಿತು. ನಾಲ್ಕೈದು ಜನ ಒಟ್ಟಿಗೆ ಎದ್ದರು. ಸಭಾಪತಿ ಪೀಠದಿಂದ ಎದ್ದು ನಿಂತರು. ಸಭಾಪತಿ ನಿಂತಾಗ ಉಳಿದವರೆಲ್ಲ ಕೂರಬೇಕು ಅನ್ನೋದು ಸದನದ ಪದ್ಧತಿ. ಪಿ.ಇ. ಮಾಸ್ತರು ಸೀಟಿ ಊದಿದಾಗ ಮೈದಾನದ ಸಾಲುಗಳು ನೇರ ಆಗುವ ಹಾಗೆ ಒಬ್ಬೊಬ್ಬರೇ ಕೂತರು. ಮಕ್ಕಳಿಗೆ ನಾನು ಎಷ್ಟು ಪಾಠ ಮಾಡಿದ್ದರೂ ಆ ನಿಮಿಷ ಕಲಿಸಿದಷ್ಟು ಕಲಿಸಲು ಆಗುತ್ತಿರಲಿಲ್ಲ. ಆದರೆ ಯಾವಾಗಲೂ ಹಾಗೆ ಆಗುವುದಿಲ್ಲ. 2025ರ ಮಾರ್ಚಿನಲ್ಲಿ ಸದನದ ನಡವಳಿಕೆಗೆ ಬೇಸತ್ತು ಅವರು ರಾಜೀನಾಮೆಯ ಮಾತು ಆಡಿದ್ದು ಸುದ್ದಿಯಾಯಿತು. ಅಷ್ಟು ವರ್ಷ ಅಲ್ಲಿದ್ದವರಿಗೇ ಹಾಗನ್ನಿಸಿತು ಅಂದರೆ ಸದನ ಎಷ್ಟು ಕೆಳಗಿಳಿದಿದೆ ಅಂತ ಯೋಚಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಕರಾರೂ ಇದೆ. ಇಷ್ಟು ದೀರ್ಘ ಕಾಲ ಒಬ್ಬರೇ ಇದ್ದದ್ದರಿಂದ ನಮ್ಮ ಕ್ಷೇತ್ರದಲ್ಲಿ ಎರಡನೇ ಸಾಲು ಬೆಳೆಯಲಿಲ್ಲ. ಫೈಲು ಸಿಕ್ಕಿಕೊಂಡರೆ "ಸಾಹೇಬರಿಗೆ ಒಂದು ಫೋನ್ ಮಾಡ್ಸೋಣ" ಅನ್ನೋದು ನಮಗೆ ರೂಢಿ ಆಗಿಬಿಟ್ಟಿದೆ. ಫೋನ್ ಮಾಡಿಸಬೇಕಾದ ಪರಿಸ್ಥಿತಿಯೇ ಯಾಕೆ ಇರಬೇಕು ಅಂತ ನಮ್ಮ ಸಂಘಗಳು ಗಟ್ಟಿಯಾಗಿ ಕೇಳುತ್ತಿಲ್ಲ. ಇದರಲ್ಲಿ ಅವರೊಬ್ಬರ ಪಾಲು ಮಾತ್ರ ಇಲ್ಲ, ಮತದಾರರ ಪಾಲು ಹೆಚ್ಚು. ಅಷ್ಟು ಮತದಾರರಲ್ಲಿ, ಅಷ್ಟು ಹೆಣ್ಣುಮಕ್ಕಳು ಪಾಠ ಮಾಡುತ್ತಿರುವಾಗ, ಈ ಕ್ಷೇತ್ರದಿಂದ ಒಬ್ಬ ಶಿಕ್ಷಕಿ ಗೆಲ್ಲುವ ಮಟ್ಟಿಗೆ ಬೆಳೆಯಲಿಲ್ಲ ಅನ್ನೋದು ನನಗೆ ಒಳಗೇ ಚುಚ್ಚುತ್ತದೆ.

ಈಗ ಪ್ರಾಥಮಿಕ ಶಿಕ್ಷಕರ ವಿಷಯ. ನನ್ನ ತಂಗಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎಂಟನೇ ತರಗತಿಗೆ ಪಾಠ ಮಾಡುತ್ತಾಳೆ. ನಾನೂ ಎಂಟಕ್ಕೆ ಮಾಡುತ್ತೇನೆ. ಪಠ್ಯಪುಸ್ತಕ ಒಂದೇ, ಮಕ್ಕಳ ವಯಸ್ಸು ಒಂದೇ. ನನಗೆ ಮತ ಇದೆ, ಅವಳಿಗೆ ಇಲ್ಲ. ಯಾಕಂದ್ರೆ ಅವಳ ಶಾಲೆಯ ಬೋರ್ಡಿನ ಮೇಲೆ ಪ್ರಾಥಮಿಕ ಅಂತ ಇದೆ. ಇದು ಚುನಾವಣಾ ಆಯೋಗ ಅಥವಾ ಜಿಲ್ಲಾಡಳಿತ ಸರಿ ಮಾಡುವ ವಿಷಯ ಅಲ್ಲ. ಸಂವಿಧಾನದ 171ನೇ ವಿಧಿಯಲ್ಲೇ ಮಾಧ್ಯಮಿಕ ಶಾಲೆಗಿಂತ ಕೆಳಗಿನದಲ್ಲದ ಸಂಸ್ಥೆಯಲ್ಲಿ ಕನಿಷ್ಠ ಮೂರು ವರ್ಷ ಬೋಧಿಸಿದವರು ಅಂತ ಇದೆ. ಬದಲಾಗಬೇಕಾದರೆ ಸಂಸತ್ತಿನಲ್ಲೇ ಆಗಬೇಕು. ರಾಜ್ಯದ ಶಿಕ್ಷಕರಲ್ಲಿ ದೊಡ್ಡ ಪಾಲು ಪ್ರಾಥಮಿಕ ಶಾಲೆಯವರದ್ದೇ. ಶಿಕ್ಷಕರ ಪ್ರತಿನಿಧಿ ಅಂತ ಕರೆಸಿಕೊಳ್ಳುವ ಏಳೂ ಜನ, ಪಕ್ಷ ಯಾವುದೇ ಇರಲಿ, ಒಟ್ಟಾಗಿ ದೆಹಲಿಗೆ ಈ ಬೇಡಿಕೆ ಒಯ್ಯಬೇಕು. ಮುಂದಿನ ಸಲ ನಮ್ಮ ಸ್ಟಾಫ್ ರೂಮಿಗೆ ಮತ ಕೇಳಲು ಬರುವ ಪ್ರತಿ ಅಭ್ಯರ್ಥಿಗೂ ನಾನು ಮೊದಲು ಕೇಳುವುದು ಇದನ್ನೇ. ಕಾಲ್ಪನಿಕ ವೇತನ, ಎನ್‌ಪಿಎಸ್ ಎಲ್ಲ ಅದಾದ ಮೇಲೆ.